ಮಂಡ್ಯದ ಆಲೆಮನೆಗಳಿಗೊಂದು ವೆಬ್ ಡೈರೆಕ್ಟರಿ: ಲಿಸ್ಟಿಂಗ್ ತುಂಬುವುದು ಹೇಗೆ?

ನಾಲೆದಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮೂರು ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಪಕ್ಕ. ಕೆಲಸ ಮೈಸೂರಿನಲ್ಲಿ, ಸಣ್ಣದೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಎರಡು ತಿಂಗಳಿಂದ ಸಂಜೆ ಹೊತ್ತು ಕೂತು ಒಂದು ವೆಬ್ ಡೈರೆಕ್ಟರಿ ಕಟ್ಟಿದ್ದೇನೆ. ಮಂಡ್ಯ ಜಿಲ್ಲೆಯ ಆಲೆಮನೆಗಳದ್ದು ಮಾತ್ರ. ಯಾವ ಊರಲ್ಲಿ ಆಲೆಮನೆ ಇದೆ, ಅಲ್ಲಿ ಯಾವ ಬೆಲ್ಲ ಮಾಡುತ್ತಾರೆ, ಯಾರಿಗೆ ಫೋನ್ ಮಾಡಬೇಕು, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ಹಿಂದೆ ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಹೋಗುವವರು ಆಲೆಮನೆಯ ಹೊಗೆ ಕಂಡರೆ ಕಾರು ನಿಲ್ಲಿಸುತ್ತಿದ್ದರು. ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು, ಒಂದೆರಡು ಕೆಜಿ ಕಟ್ಟಿಸಿಕೊಂಡು ಹೋಗುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮದ್ದೂರು, ಮಂಡ್ಯ ಎರಡೂ ಪಕ್ಕಕ್ಕೆ ಉಳಿದವು. ಬೆಲ್ಲ ಬೇಯಿಸುವುದು ನಿಂತಿಲ್ಲ. ಆದರೆ ಬರಬೇಕು ಅನ್ನುವವರಿಗೆ ದಾರಿ ಗೊತ್ತಿಲ್ಲ. ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ, "ಒಳ್ಳೆ ಬೆಲ್ಲ ಎಲ್ಲಿ ಸಿಗುತ್ತೆ, ನಂಬರ್ ಕೊಡು" ಅಂತ. ನನ್ನ ಹತ್ತಿರ ಇದ್ದದ್ದು ಎರಡೇ ನಂಬರ್.

ಸೈಟು ಸಿದ್ಧವಾಗಿದೆ. 7 ತಾಲ್ಲೂಕಿಗೂ ಒಂದೊಂದು ಪುಟ ಮಾಡಿದ್ದೇನೆ. ಆದರೆ ಒಳಗಿರುವುದು 11 ಲಿಸ್ಟಿಂಗ್, ಅಂದರೆ 11 ಆಲೆಮನೆಯ ವಿವರ. ಅದರಲ್ಲೂ 8 ನಮ್ಮೂರ ಸುತ್ತಮುತ್ತಲಿನವು. ನಾಲ್ಕು ತಾಲ್ಲೂಕು ಪೂರ್ತಿ ಖಾಲಿ. ಬಂದವರು ಒಂದು ಪುಟ ನೋಡಿ ಹೊರಟುಹೋಗುತ್ತಾರೆ. ಜನ ಬರದಿದ್ದರೆ ಆಲೆಮನೆಯವರು ಹೆಸರು ಕೊಡುವುದಿಲ್ಲ. ಹೆಸರುಗಳು ಇಲ್ಲದಿದ್ದರೆ ಜನ ಬರುವುದಿಲ್ಲ. ಈ ಗಂಟು ಬಿಡಿಸುವುದು ಹೇಗೆ? ಬೇರೆ ಕಡೆಯಿಂದ ಒಟ್ಟಿಗೆ ಮಾಹಿತಿ ತಂದು ತುಂಬಬಹುದಾ? ಫೋನ್ ನಂಬರ್ ಹಾಕಲು ಕೇಳಲೇಬೇಕಾ? ಡೈರೆಕ್ಟರಿ ನಡೆಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇಮೌಸ್, ಮೈಸೂರು

ಒಳ್ಳೆ ಕೆಲಸ ಹಿಡಿದಿದ್ದೀರಿ. ನಾನು ಸುಮಾರು ವರ್ಷ ಡಿಮೋಜ್‌ನಲ್ಲಿ ಒಂದು ಸಣ್ಣ ವಿಭಾಗ ನೋಡಿಕೊಳ್ಳುತ್ತಿದ್ದೆ. ಈಗಿನವರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. 1998ರಲ್ಲಿ ಶುರುವಾದ ಡೈರೆಕ್ಟರಿ. ಸಂಬಳವಿಲ್ಲದೆ ಕೆಲಸ ಮಾಡುವ ಸಂಪಾದಕರು ಪ್ರತಿ ಸೈಟನ್ನೂ ತೆರೆದು ನೋಡಿ, ಎರಡು ಸಾಲು ಬರೆದು, ಸರಿಯಾದ ವಿಭಾಗಕ್ಕೆ ಸೇರಿಸುತ್ತಿದ್ದರು. 2017ರಲ್ಲಿ ಮುಚ್ಚಿತು. ಯಾಹೂ ಡೈರೆಕ್ಟರಿ ಇನ್ನೂ ಹಳೆಯದು, 1994ರದ್ದು. ಅದು 2014ರ ಕೊನೆಗೆ ನಿಂತಿತು.

ಇಡೀ ಲೋಕವನ್ನೇ ಪಟ್ಟಿ ಮಾಡಲು ಹೊರಟರೆ ಯಾರ ಕೈಯಲ್ಲೂ ಆಗುವುದಿಲ್ಲ. ಸೇರಿಸಿ ಎಂದು ಬಂದ ಕೋರಿಕೆಗಳು ನಮ್ಮಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದವು. ಸತ್ತ ಕೊಂಡಿಗಳನ್ನು ತೆಗೆಯಲು ಕೈ ಸಾಲುತ್ತಿರಲಿಲ್ಲ. ಹುಡುಕಾಟಕ್ಕೆ ಗೂಗಲ್ ಬಂದ ಮೇಲೆ ಜನರಿಗೂ ಅದು ಬೇಕಾಗಲಿಲ್ಲ. ಆದರೆ ನಿಮ್ಮದು ಒಂದು ಜಿಲ್ಲೆ, ಒಂದು ಕಸುಬು. ಗೂಗಲ್‌ಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರಲು ಸಾಧ್ಯ. ಆ ಜಾಗ ಬಿಡಬೇಡಿ.

ಮೊದಲು ಒಂದು ಕೆಲಸ ಮಾಡಿ. ಖಾಲಿ ಇರುವ ನಾಲ್ಕು ತಾಲ್ಲೂಕಿನ ಪುಟಗಳನ್ನು ಇವತ್ತೇ ಮರೆಮಾಡಿ. ಖಾಲಿ ಅಂಗಡಿಯ ಬಾಗಿಲು ತೆರೆದಿಟ್ಟರೆ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಏಳು ತಾಲ್ಲೂಕಿನ ಆಸೆ ಸದ್ಯಕ್ಕೆ ಬಿಡಿ. ಒಂದು ಹೋಬಳಿ ಹಿಡಿದು ಅದನ್ನು ಪೂರ್ತಿ ಮಾಡಿ. "ಈ ಹೋಬಳಿಯಲ್ಲಿ ನಡೆಯುತ್ತಿರುವ ಎಲ್ಲಾ ಆಲೆಮನೆಗಳೂ ಇಲ್ಲಿವೆ" ಅಂತ ಎದೆ ತಟ್ಟಿ ಹೇಳುವ ಹಾಗಾದರೆ, ಆ ಒಂದು ಪುಟಕ್ಕೇ ಜನ ಬರುತ್ತಾರೆ.

ಕೊಪ್ಪರಿಗೆ, ಪಾಂಡವಪುರ

ನಮ್ಮ ತಂದೆಯ ಕಾಲದಿಂದ ಆಲೆಮನೆ ಇದೆ, ಹಾಗಾಗಿ ಒಳಗಿನ ಮಾತು ಹೇಳುತ್ತೇನೆ. ನಿಮ್ಮ ಸೈಟು ನೋಡಿದೆ. "ಮಾಲೀಕರ ಹೆಸರು, ಫೋನ್, ವಿಳಾಸ, ವೆಬ್‌ಸೈಟ್, ಇಮೇಲ್" ಅಂತ ಕಾಲಂ ಇಟ್ಟಿದ್ದೀರಿ. ವೆಬ್‌ಸೈಟ್ ಇರುವ ಆಲೆಮನೆ ನಾನಂತೂ ನೋಡಿಲ್ಲ. ಬೋರ್ಡೇ ಇರುವುದಿಲ್ಲ. ಹೆಸರು ಕೇಳಿದರೆ "ಕೆರೆ ಏರಿ ಆಲೆಮನೆ", "ತೋಪಿನ ಆಲೆಮನೆ" ಅಂತಾರೆ. ಅದೇ ಅದರ ಹೆಸರು, ಹಾಗೇ ಹಾಕಿ.

ಇನ್ನೊಂದು ಮುಖ್ಯ ವಿಷಯ. ಜಾಗ ಒಬ್ಬರದ್ದು, ನಡೆಸುವವರು ಇನ್ನೊಬ್ಬರು. ಎಷ್ಟೋ ಕಡೆ ಗುತ್ತಿಗೆ. ನಡೆಸುವವರು, ಕೊಪ್ಪರಿಗೆ ಮುಂದೆ ನಿಲ್ಲುವವರು ಉತ್ತರ ಪ್ರದೇಶದಿಂದ ಬಂದವರು ಆಗಿರುವುದೂ ಜಾಸ್ತಿ. ಗುತ್ತಿಗೆ ಮುಗಿದರೆ ನಂಬರ್ ಬದಲು. ನೀವು ಆಳಿನ ಹೆಸರಿಗೆ ಲಿಸ್ಟಿಂಗ್ ಕಟ್ಟಿದರೆ ಮುಂದಿನ ವರ್ಷ ಅದು ಸುಳ್ಳಾಗುತ್ತದೆ. ಜಾಗದ ಮೇಲೆ ಕಟ್ಟಿ. ಗಾಣ ಎಲ್ಲಿಗೂ ಓಡುವುದಿಲ್ಲ.

ಕೊಳ್ಳುವವರು ನಮ್ಮನ್ನು ಏನು ಕೇಳುತ್ತಾರೆ ಗೊತ್ತಾ? ಮೊದಲನೆಯದು, ಅಚ್ಚು ಬೆಲ್ಲವೋ, ಬಕೆಟ್ ಬೆಲ್ಲವೋ, ಉಂಡೆಯೋ, ಪುಡಿಯೋ. ಎರಡನೆಯದು, ಕೆಮಿಕಲ್ ಹಾಕುತ್ತೀರಾ. ಮೂರನೆಯದು, ಇವತ್ತು ಬಂದರೆ ಒಲೆ ಉರಿಯುತ್ತಾ ಇರುತ್ತದಾ. ಈ ಮೂರನೆಯದ್ದೇ ಕಷ್ಟ. ಕಬ್ಬು ಬಂದರೆ ಆಲೆ, ಇಲ್ಲದಿದ್ದರೆ ಇಲ್ಲ. ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗುವುದಿಲ್ಲ. ನಮ್ಮ ಒಲೆಗೆ ಅದೇ ಸೌದೆ. ಎರಡು ದಿನ ಜೋರು ಮಳೆ ಬಂದರೆ ಒಲೆ ತಣ್ಣಗಾಗುತ್ತದೆ. ಒಂದು ಟನ್ ಕಬ್ಬು ಅರೆದರೆ ಸಿಗುವುದು ಸುಮಾರು ನೂರು ಕೆಜಿ ಬೆಲ್ಲ. ಒಂದು ಕೊಪ್ಪರಿಗೆ ಇಳಿಸಲು ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಬೆಂಗಳೂರಿನಿಂದ ಬಂದವರು ಬೆಲ್ಲ ಹೊಯ್ಯುವುದನ್ನು ನೋಡಬೇಕಾದರೆ ಹೊತ್ತು ಗೊತ್ತಿರಬೇಕು. ಹಾಗಾಗಿ ನಿಮ್ಮ ಕಾಲಂಗಳನ್ನು ತೆಗೆದು ಇವನ್ನು ಹಾಕಿ.

ನಕ್ಷೆಗಾರ, ಮೈಸೂರು

ಜಾಗದ ಮೇಲೆ ಕಟ್ಟಿ ಅಂದದ್ದು ಸರಿಯಾದ ಮಾತು. ಆದರೆ ಗದ್ದೆ ನಡುವಿನ ಆಲೆಮನೆಗೆ ಬೀದಿ ಹೆಸರು, ಮನೆ ನಂಬರ್ ಎಲ್ಲಿಂದ ತರುವುದು? ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ಬಿಟ್ಟಿದೆ. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ 10 ಅಕ್ಷರದ ಗುರುತು ಕೊಟ್ಟಿದ್ದಾರೆ. ಆಲೆಮನೆ ಬಾಗಿಲಲ್ಲಿ ನಿಂತು ಫೋನಿನಲ್ಲಿ ತೆಗೆದರೆ ಆಯಿತು. ಅದನ್ನೂ, ಅಕ್ಷಾಂಶ ರೇಖಾಂಶವನ್ನೂ ಎರಡನ್ನೂ ಬರೆದಿಟ್ಟುಕೊಳ್ಳಿ.

ಒಟ್ಟಿಗೆ ಮಾಹಿತಿ ತರುವ ಬಗ್ಗೆ ಕೇಳಿದಿರಿ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಹೆಸರು, ನಂಬರ್, ವಿಮರ್ಶೆಗಳನ್ನು ಎತ್ತಿಕೊಂಡು ನಿಮ್ಮ ಡೈರೆಕ್ಟರಿ ತುಂಬುವುದು ಅವರ ನಿಯಮಕ್ಕೆ ವಿರುದ್ಧ. ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ. 2004ರಿಂದ ಜನರೇ ಕಟ್ಟಿದ ನಕ್ಷೆ. ಅದನ್ನು ಬಳಸಬಹುದು, ಆದರೆ ಎಲ್ಲಿಂದ ಬಂತು ಅಂತ ಪುಟದಲ್ಲಿ ಹೇಳಬೇಕು. ಅದರ ಮೇಲೆ ಕಟ್ಟಿದ ದತ್ತಾಂಶವನ್ನು ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ನಾನು ಒಂದು ಗಂಟೆ ಹುಡುಕಿ ನೋಡಿದೆ. ಊರು, ನಾಲೆ, ದೇವಸ್ಥಾನ, ಶಾಲೆ ಚೆನ್ನಾಗಿವೆ. ಆಲೆಮನೆ ಅಂತ ಗುರುತಿಸಿದ್ದು ಬೆರಳೆಣಿಕೆಯಷ್ಟು. ಉಪಗ್ರಹ ಚಿತ್ರದಲ್ಲಿ ಮಾತ್ರ ಒಂದು ಸುಳಿವು ಸಿಗುತ್ತದೆ. ತಗಡಿನ ಸೂರು, ಪಕ್ಕದಲ್ಲಿ ಒಣಹಾಕಿದ ಸಿಪ್ಪೆಯ ಬಿಳಿ ಹಾಸು. ಅದನ್ನು ನೋಡಿ "ಇಲ್ಲಿ ಇರಬಹುದು" ಅಂತ ಗುರುತು ಹಾಕಿಕೊಂಡು ಹೊರಡಬಹುದು. ಹೋಗಿ ನೋಡುವ ತನಕ ಪ್ರಕಟಿಸಬೇಡಿ.

ವೇಗದೂತ, ಬೆಂಗಳೂರು

ಇಷ್ಟೆಲ್ಲಾ ಕಷ್ಟ ಯಾಕೆ ಅಂತ ನನಗೆ ಅನಿಸುತ್ತದೆ. ನಾನು ಎರಡು ಡೈರೆಕ್ಟರಿ ಮಾಡಿದ್ದೇನೆ. ಮೊದಲ ವಾರದಲ್ಲೇ 500 ಲಿಸ್ಟಿಂಗ್ ತುಂಬಬೇಕು. ಯಾರಿಗಾದರೂ ಸ್ವಲ್ಪ ದುಡ್ಡು ಕೊಟ್ಟರೆ ಬೇರೆ ಸೈಟುಗಳಿಂದ ತೆಗೆದು ಕೊಡುತ್ತಾರೆ. ವಿವರಣೆ ಬೇಕಾದರೆ ಎಐ ಬರೆಯುತ್ತದೆ. ತಪ್ಪಿದ್ದರೆ ಮಾಲೀಕರೇ ಬಂದು ಸರಿ ಮಾಡಿಕೊಳ್ಳುತ್ತಾರೆ. ಭಾನುವಾರ ಭಾನುವಾರ ಹಳ್ಳಿ ಸುತ್ತಿದರೆ ನೂರು ಮುಟ್ಟಲು ವರ್ಷ ಬೇಕು. ಅಷ್ಟರಲ್ಲಿ ನಿಮ್ಮ ಉತ್ಸಾಹವೇ ಮುಗಿದಿರುತ್ತದೆ. ಎಷ್ಟೋ ಒಳ್ಳೆ ಸೈಟುಗಳು ಹಾಗೇ ನಿಂತುಹೋದದ್ದನ್ನು ನೋಡಿ ಹೇಳುತ್ತಿದ್ದೇನೆ.

ಸಂತೆಬೀದಿ, ಶ್ರೀರಂಗಪಟ್ಟಣ

ಉತ್ಸಾಹ ಮುಗಿಯುತ್ತದೆ ಅನ್ನುವ ಭಯ ನಿಜ. ಆದರೆ "ತಪ್ಪಿದ್ದರೆ ಮಾಲೀಕರೇ ಸರಿ ಮಾಡಿಕೊಳ್ಳುತ್ತಾರೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಮಾಲೀಕ ನಾನೇ ಆಗಿದ್ದೆ.

ನಮ್ಮದು ಸಣ್ಣ ದಿನಸಿ ಅಂಗಡಿ. ಎರಡು ವರ್ಷದ ಹಿಂದೆ ಯಾವುದೋ ಒಂದು ಡೈರೆಕ್ಟರಿಯಲ್ಲಿ ನಮ್ಮ ನಂಬರ್ ಹಾಕಿದ್ದರು. ನಮ್ಮನ್ನು ಕೇಳಿರಲಿಲ್ಲ. ಅಂಗಡಿಯ ಹೆಸರಿನ ಕೆಳಗೆ "ಲಾಡ್ಜ್" ಅಂತ ಇತ್ತು. ದಸರಾ ಬಂತು. ರಾತ್ರಿ ಹನ್ನೊಂದು ಗಂಟೆಗೆ, ಒಂದು ಗಂಟೆಗೆ ಫೋನ್. "ರೂಮ್ ಇದೆಯಾ?" ಆ ನಂಬರ್ ನಮ್ಮ ತಾಯಿಯ ಹತ್ತಿರ ಇರುತ್ತದೆ. ಹತ್ತು ದಿನ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ತೆಗೆಸಲು ನೋಡಿದರೆ ಮೊದಲು ಖಾತೆ ತೆರೆಯಿರಿ ಅಂದರು. ತೆರೆದೆವು. ಆಮೇಲೆ ದುಡ್ಡು ಕಟ್ಟುವ ಪ್ಲಾನ್ ತೋರಿಸಿದರು. ಕೊನೆಗೆ ನಾವೇ ನಂಬರ್ ಬದಲಿಸಿದೆವು. ಇಪ್ಪತ್ತು ವರ್ಷದ ಗಿರಾಕಿಗಳ ಹತ್ತಿರ ಇದ್ದ ನಂಬರ್ ಅದು.

ನಿಮಗೆ 500ರಲ್ಲಿ ಒಂದು ತಪ್ಪು. ಆ ಒಬ್ಬರಿಗೆ ಅದೇ ಎಲ್ಲ. ಆಲೆಮನೆಯವರು ಬೆಳಗಿನ ಜಾವ ಒಲೆ ಹಚ್ಚುವವರು. ದಯವಿಟ್ಟು ಕೇಳದೆ ಯಾರ ನಂಬರನ್ನೂ ಹಾಕಬೇಡಿ.

ಹಳೇಮೌಸ್, ಮೈಸೂರು

ಸಂತೆಬೀದಿಯವರೇ, ಓದಿ ಬೇಸರವಾಯಿತು. ತಾಯಿಯವರಿಗೆ ನಮಸ್ಕಾರ ಹೇಳಿ.

ಕಾನೂನೂ ಅದನ್ನೇ ಹೇಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ತಿರುಳು ಒಪ್ಪಿಗೆ. ಏತಕ್ಕೆ ಅಂತ ಹೇಳಿ ಕೇಳಬೇಕು. ಬೇಡ ಅಂದರೆ ಬಿಡಬೇಕು. ಆಮೇಲೆ ಮನಸ್ಸು ಬದಲಿಸಿದರೂ ತೆಗೆಯಬೇಕು. ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ನಾಲೆದಂಡೆಯವರೇ, ಪ್ರತಿ ಲಿಸ್ಟಿಂಗ್ ಕೆಳಗೆ "ಇದನ್ನು ತೆಗೆಯಿರಿ" ಅಂತ ಒಂದು ಗುಂಡಿ ಇಡಿ. ಖಾತೆ, ಪಾಸ್‌ವರ್ಡ್ ಏನೂ ಕೇಳಬೇಡಿ. ಅದೇ ನಂಬರಿಗೆ ಒಮ್ಮೆ ಕರೆ ಮಾಡಿ ಖಚಿತಪಡಿಸಿಕೊಂಡು ತೆಗೆದುಬಿಡಿ.

ವೇಗದೂತರಿಗೆ ಒಂದು ಮಾತು. ಎಲ್ಲರ ಹತ್ತಿರವೂ ಇರುವ ಮಾಹಿತಿಯನ್ನು ಮತ್ತೊಮ್ಮೆ ಹಾಕಿದ ಪುಟವನ್ನು ಗೂಗಲ್ ಕೂಡ ಮೇಲೆ ತರುವುದಿಲ್ಲ. ಎತ್ತಿ ತಂದ 500ಕ್ಕಿಂತ, ಎಲ್ಲೂ ಸಿಗದ ವಿವರ ಇರುವ 40 ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡುತ್ತದೆ.

ನಾಲೆದಂಡೆ, ಮಂಡ್ಯ

ಮೂರು ವಾರ ಆಯಿತು. ಎಲ್ಲರ ಮಾತನ್ನೂ ಓದಿ ಕೆಲಸ ಶುರು ಮಾಡಿದೆ. ಏನೇನಾಯಿತು ಅಂತ ಬರೆಯುತ್ತೇನೆ.

ಖಾಲಿ ಪುಟಗಳನ್ನು ಮುಚ್ಚಿದೆ. ಹಳೇ 11 ಲಿಸ್ಟಿಂಗಿಗೂ ಫೋನ್ ಮಾಡಿದೆ. ನನಗೆ ದೊಡ್ಡ ಪಾಠ ಅಲ್ಲೇ ಸಿಕ್ಕಿತು. ಹನ್ನೊಂದರಲ್ಲಿ ಎರಡು ಆಲೆಮನೆ ನಿಂತೇಹೋಗಿವೆ. ಒಂದರ ನಂಬರ್ ಬೇರೆಯವರದ್ದು. ಇನ್ನೊಬ್ಬರು "ನಾವು ಚಿಲ್ಲರೆ ಕೊಡುವುದಿಲ್ಲ, ಎಲ್ಲಾ ಮಂಡ್ಯ ಎಪಿಎಂಸಿಗೇ ಹೋಗುತ್ತೆ" ಅಂದರು. ನಮ್ಮೂರಿನ ಸುತ್ತಲಿನವೇ, ನಾನೇ ಕೈಯಾರೆ ಹಾಕಿದ್ದು. ಎರಡು ತಿಂಗಳಲ್ಲಿ 11ರಲ್ಲಿ 4 ಸರಿ ಇಲ್ಲ ಅಂದರೆ, ಎತ್ತಿ ತಂದ 500 ಹೇಗಿರುತ್ತಿತ್ತೋ!

ಮೂರು ಭಾನುವಾರ ಕೆರಗೋಡು, ದುದ್ದ ಕಡೆ ಬೈಕಿನಲ್ಲಿ ಹೋದೆ. ನಕ್ಷೆಗಾರರು ಹೇಳಿದ ಹಾಗೆ ಉಪಗ್ರಹ ಚಿತ್ರದಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ. ಅರ್ಧ ಸರಿ ಇತ್ತು. ಉಳಿದವು ಕೋಳಿ ಫಾರಂ, ಹುಲ್ಲಿನ ಮೆದೆ. ಅಲ್ಲಿಂದ ಮುಂದೆ ನನಗೆ ದಾರಿ ತೋರಿಸಿದವರು ಕಬ್ಬಿನ ಗಾಡಿಯವರು. ಕಬ್ಬು ತುಂಬಿದ ಟ್ರ್ಯಾಕ್ಟರ್ ಕಂಡರೆ ನಿಲ್ಲಿಸಿ "ಯಾವ ಆಲೆಗೆ ಹೋಗ್ತಿದೆ ಅಣ್ಣಾ?" ಅಂತ ಕೇಳುತ್ತಿದ್ದೆ. ಒಬ್ಬ ಡ್ರೈವರ್ ಅಣ್ಣ ಟೀ ಅಂಗಡಿಯಲ್ಲಿ ಕೂತು ಒಂದೇ ಉಸಿರಿಗೆ ಒಂಬತ್ತು ಆಲೆಮನೆ ಹೇಳಿದರು. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ, ಯಾರು ದುಡ್ಡು ಬೇಗ ಕೊಡುತ್ತಾರೆ, ಎಲ್ಲಾ. ಕೊನೆಯದ್ದು ನಮ್ಮ ಡೈರೆಕ್ಟರಿಗೆ ಬೇಡ, ಆದರೆ ಮೊದಲ ಎರಡು ಬಂಗಾರದ ಮಾಹಿತಿ.

ಆಲೆಮನೆಗೆ ಹೋದಾಗ ಮೊದಲ ದಿನ ಫೋನ್ ಹಿಡಿದುಕೊಂಡೇ ಒಳಗೆ ಹೋದೆ. ತಪ್ಪಾಯಿತು. ಯಾವುದೋ ಇಲಾಖೆಯವನು ಅಂದುಕೊಂಡು ಮಾತೇ ನಿಲ್ಲಿಸಿದರು. ಎರಡನೇ ವಾರ ಮೊದಲು ಎರಡು ಕೆಜಿ ಬೆಲ್ಲ ಕೊಂಡೆ. ಕೊಪ್ಪರಿಗೆ ಪಕ್ಕ ಸುಮ್ನೆ ನಿಂತೆ. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದನ್ನು ನೋಡಿದೆ. ಅರ್ಧ ಗಂಟೆ ಆದ ಮೇಲೆ ಅವರೇ ಕೇಳಿದರು, "ಯಾವೂರು ನಿಮ್ದು?" ಊರ ಹೆಸರು ಹೇಳಿದ ಮೇಲೆ ಎಲ್ಲಾ ಸಲೀಸು. ಆಮೇಲೆ ಫೋನ್ ತೆಗೆದು ಬೇರೆ ಆಲೆಮನೆಯ ಪುಟ ತೋರಿಸುತ್ತೇನೆ. ಮಾತಿನಲ್ಲಿ ಹೇಳಿದರೆ ಅರ್ಥವಾಗದ್ದು ಆ ಪುಟ ನೋಡಿದರೆ ಅರ್ಥವಾಗುತ್ತದೆ. "ನಮ್ದೂ ಹಿಂಗೇ ಬರುತ್ತಾ?" ಅಂತ ಕೇಳುತ್ತಾರೆ. ಬರುತ್ತೆ, ನಂಬರ್ ಹಾಕಲಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಫೋನ್ ಮಾಡಬಹುದು ಅಂತ ಕೇಳಿ ಬರೆದುಕೊಳ್ಳುತ್ತೇನೆ. ಈ ಫೋನ್ ಹೊತ್ತಿನ ಕಾಲಂ ಸಂತೆಬೀದಿಯವರ ಮಾತು ಓದಿ ಸೇರಿಸಿದ್ದು.

ಈಗ 34 ಇವೆ. ಐದು ಜನ ನಂಬರ್ ಬೇಡ ಅಂದರು. ಅವರ ಜಾಗ ಮಾತ್ರ ಹಾಕಿದ್ದೇನೆ, ಅದಕ್ಕೂ ಅವರನ್ನು ಕೇಳಿಯೇ. ಪ್ರತಿ ಲಿಸ್ಟಿಂಗ್ ತಲೆಯಲ್ಲಿ ದೊಡ್ಡದಾಗಿ "ಹೋಗಿ ನೋಡಿದ್ದು" ಅಥವಾ "ಫೋನಿನಲ್ಲಿ ಕೇಳಿದ್ದು" ಅಂತ ದಿನಾಂಕದ ಜೊತೆ ಇದೆ. 60 ದಿನ ಆದರೆ ಆ ದಿನಾಂಕ ತಾನಾಗಿ ಕೆಂಪಾಗುತ್ತದೆ. 120 ದಿನ ಆದರೆ ಲಿಸ್ಟಿಂಗ್ ಕಾಣುವುದೇ ಇಲ್ಲ.

ಬೆಲ್ಲದಕ್ಕ, ಮದ್ದೂರು

ಓದಿ ತುಂಬಾ ಖುಷಿಯಾಯಿತು. ನಾವು ಆರು ಜನ ಹೆಂಗಸರು ಸೇರಿ ಸ್ವಸಹಾಯ ಸಂಘದಿಂದ ಪುಡಿ ಬೆಲ್ಲ, ಶುಂಠಿ ಏಲಕ್ಕಿ ಹಾಕಿದ ಸಣ್ಣ ಅಚ್ಚು ಮಾಡುತ್ತೇವೆ. ಆಲೆಮನೆ ನಮ್ಮದಲ್ಲ. ಬೆಲ್ಲ ತಂದು ಮಾಡುವುದು. ನಮಗೂ ಜಾಗ ಇದೆಯಾ?

ಒಂದು ತೊಂದರೆ ಹೇಳುತ್ತೇನೆ. ನಿಮ್ಮ ಸೈಟಿನಲ್ಲಿ "ನಿಮ್ಮ ಆಲೆಮನೆ ಸೇರಿಸಿ" ಅಂತ ಇರುವ ಫಾರಂ ತುಂಬಲು ಹೋದೆ. 14 ಪ್ರಶ್ನೆ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಮನೆ ಕೆಲಸ ಕರೆಯಿತು. ವಾಪಸ್ ಬಂದರೆ ತುಂಬಿದ್ದೆಲ್ಲಾ ಹೋಗಿತ್ತು. ನಮ್ಮ ಸಂಘದ ಮೂವರು ಕನ್ನಡ ಓದುತ್ತಾರೆ, ಆದರೆ ಫೋನಿನಲ್ಲಿ ಟೈಪ್ ಮಾಡುವುದಿಲ್ಲ. ಎಲ್ಲರೂ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವವರೇ. ನೀವು ಒಂದು ವಾಟ್ಸಾಪ್ ನಂಬರ್ ಕೊಡಿ. ನಾವು ಬಾಯಲ್ಲಿ ಹೇಳಿ, ಎರಡು ಫೋಟೋ, ಲೊಕೇಶನ್ ಕಳಿಸುತ್ತೇವೆ. ಬರೆದುಕೊಳ್ಳುವುದು ನಿಮ್ಮ ಕೆಲಸ.

ನಾಲೆದಂಡೆ, ಮಂಡ್ಯ

ಅಕ್ಕಾ, ಖಂಡಿತ ಜಾಗ ಇದೆ. "ಬೆಲ್ಲದ ತಿನಿಸು, ಪುಡಿ" ಅಂತ ಬೇರೆ ವಿಭಾಗ ಮಾಡುತ್ತೇನೆ. ಆಲೆಮನೆ ಜೊತೆ ಬೆರೆಸುವುದು ಬೇಡ, ಬಂದವರಿಗೆ ಗೊಂದಲ ಆಗುತ್ತದೆ. ನಿಮ್ಮ ಹಾಗೆ ಇನ್ನೂ ಎರಡು ಸಂಘ ಸಿಕ್ಕ ಕೂಡಲೇ ಆ ವಿಭಾಗ ತೆರೆಯುತ್ತೇನೆ. ಒಂದೇ ಇದ್ದರೆ ಬಣಗುಟ್ಟುತ್ತದೆ. ಫಾರಂ ತೆಗೆದು ವಾಟ್ಸಾಪ್ ನಂಬರ್ ಹಾಕಿದ್ದೇನೆ. ಇಂಥ ಮಾತು ನಾನು ಕಂಪ್ಯೂಟರ್ ಮುಂದೆ ಕೂತಿದ್ದರೆ ಹೊಳೆಯುತ್ತಲೇ ಇರಲಿಲ್ಲ.

ವಿಸಿಫಾರಂಹಾದಿ, ಮಂಡ್ಯ

ನಾನು ಕೃಷಿ ಓದಿದವನು. "ಸಾವಯವ", "ಕೆಮಿಕಲ್ ಇಲ್ಲ" ಅನ್ನುವ ಕಾಲಂ ಬಗ್ಗೆ ಎಚ್ಚರಿಕೆ ಹೇಳಬೇಕು.

ಆಲೆಮನೆಯವರು ಹೇಳಿದ್ದನ್ನು ಹಾಗೇ ಹಾಕಿದರೆ ಅದು ನಿಮ್ಮ ಮಾತಾಗುತ್ತದೆ. ಸಾವಯವ ಅನ್ನುವುದಕ್ಕೆ ಪ್ರಮಾಣಪತ್ರದ ಪದ್ಧತಿ ಇದೆ. ಎನ್‌ಪಿಒಪಿ (ಕೇಂದ್ರ ಸರ್ಕಾರದ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ ಇಂಡಿಯಾ (ರೈತರ ಗುಂಪಿನವರೇ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ), ಎರಡರಲ್ಲಿ ಒಂದು. ಪತ್ರ ತೋರಿಸಿದವರಿಗೆ ಮಾತ್ರ ಆ ಗುರುತು ಕೊಡಿ. ಕಬ್ಬಿಗೆ ಯೂರಿಯಾ ಹಾಕಿ, ಬೆಲ್ಲಕ್ಕೆ ಏನೂ ಹಾಕದೆ ಇದ್ದರೂ "ಆರ್ಗ್ಯಾನಿಕ್" ಅಂತ ಹೇಳುವವರು ಇದ್ದಾರೆ. ಮೋಸ ಮಾಡಬೇಕು ಅಂತ ಅಲ್ಲ, ವ್ಯತ್ಯಾಸ ಗೊತ್ತಿರುವುದಿಲ್ಲ.

ಕೆಮಿಕಲ್ ವಿಚಾರ ಇನ್ನೂ ಸೂಕ್ಷ್ಮ. ಸುಣ್ಣ ಹಾಕುವುದು ಹಳೇ ಪದ್ಧತಿ, ರಸದ ಹುಳಿ ಕಡಿಮೆ ಮಾಡಿ ಬೆಲ್ಲ ಗಟ್ಟಿಯಾಗಿ ಕೂರಲಿ ಅಂತ. ಬೆಂಡೆಯ ಲೋಳೆ ಕೊಳೆ ಎತ್ತಲು. ತಕರಾರು ಇರುವುದು ಹೈಡ್ರೋಸ್ ಅನ್ನುವ ಪುಡಿಯದ್ದು. ಬೆಲ್ಲಕ್ಕೆ ಹಳದಿ ಹೊಳಪು ಬರಲಿ ಅಂತ ಹಾಕುತ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಉಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಿತಿ 70 ಪಿಪಿಎಂ, ಅಂದರೆ ಒಂದು ಕೆಜಿ ಬೆಲ್ಲಕ್ಕೆ 70 ಮಿಲಿಗ್ರಾಂ. ಕಣ್ಣಲ್ಲಿ ನೋಡಿ ಅದನ್ನು ಅಳೆಯಲು ಆಗುವುದಿಲ್ಲ. ಬಣ್ಣ ಕಪ್ಪಾಗಿದ್ದರೆ ಒಳ್ಳೆಯದು ಅನ್ನುವುದೂ ಪೂರ್ತಿ ನಿಜವಲ್ಲ. ತಳಿ, ಮಣ್ಣು, ಬೇಯಿಸಿದ ಹದ ಎಲ್ಲಾ ಬಣ್ಣಕ್ಕೆ ಕಾರಣ. ಸಿಒ 62175 ಅನ್ನುವ ಕಬ್ಬಿನ ತಳಿ ಬೆಳೆದ ಗದ್ದೆಯ ಬೆಲ್ಲವೂ, ಸಿಒ 86032ರ ಬೆಲ್ಲವೂ ಒಂದೇ ಥರ ಬರಬೇಕಾಗಿಲ್ಲ.

ಹಾಗಾಗಿ ತೀರ್ಪು ಕೊಡಬೇಡಿ. "ಮಡ್ಡಿ ತೆಗೆಯಲು ಏನು ಹಾಕುತ್ತಾರೆ" ಅಂತ ಕೇಳಿ, ಅವರು ಹೇಳಿದ್ದನ್ನು "ಆಲೆಮನೆಯವರ ಹೇಳಿಕೆ" ಅಂತ ಗುರುತಿಸಿ ಬರೆಯಿರಿ. ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ 14 ಅಂಕಿಯನ್ನೂ ಹಾಕಿ. ಅದನ್ನು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಕೊಪ್ಪರಿಗೆ, ಪಾಂಡವಪುರ

ಇದು ನ್ಯಾಯವಾದ ಮಾತು. ಒಂದು ಸೇರಿಸುತ್ತೇನೆ. ಹೈಡ್ರೋಸ್ ಹಾಕುವವರನ್ನು ಕೆಟ್ಟವರು ಅಂತ ಬರೆಯಬೇಡಿ. ಮಾರುಕಟ್ಟೆಯಲ್ಲಿ ಹಳದಿ ಬೆಲ್ಲಕ್ಕೆ ರೇಟು, ಕಂದು ಬೆಲ್ಲಕ್ಕೆ ಕಡಿಮೆ ಅಂದಾಗ ರೈತ ಏನು ಮಾಡಬೇಕು? ಕಂದು ಬೆಲ್ಲವನ್ನೇ ಹುಡುಕಿಕೊಂಡು ನೇರವಾಗಿ ಬರುವ ಗಿರಾಕಿ ಸಿಕ್ಕರೆ ನಾಳೆಯೇ ಪುಡಿ ಬಿಡುತ್ತಾರೆ. ನಮ್ಮಲ್ಲಿ ಬಿಟ್ಟದ್ದು ಹಾಗೇ. ಮೈಸೂರಿನ ಹತ್ತು ಮನೆಯವರು ತಿಂಗಳಿಗೆ ಇಷ್ಟು ಅಂತ ಹೇಳಿ ತೆಗೆದುಕೊಂಡು ಹೋಗಲು ಶುರು ಮಾಡಿದ ಮೇಲೆ ಧೈರ್ಯ ಬಂತು. ಈ ಡೈರೆಕ್ಟರಿಯಿಂದ ನನಗೆ ಬೇಕಾದದ್ದು ಅಂಥ ಹತ್ತು ಮನೆ, ಪ್ರತಿ ಆಲೆಮನೆಗೂ.

ಎರಡಕ್ಷರ, ಮೈಸೂರು

ಹುಡುಕಾಟದ ಬಗ್ಗೆ ಎರಡು ಮಾತು. ಜನ "ಆಲೆಮನೆ" ಅಂತ ಕನ್ನಡದಲ್ಲಿ ಹುಡುಕುವುದಕ್ಕಿಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದು ಜಾಸ್ತಿ. ಅದೂ ಮೂರು ನಾಲ್ಕು ಥರ. ಹಾಗಾಗಿ ಪ್ರತಿ ಪುಟದಲ್ಲೂ ಊರಿನ ಹೆಸರು, "ಬೆಲ್ಲ", "ಆಲೆಮನೆ" ಎರಡೂ ಲಿಪಿಯಲ್ಲಿ ಇರಲಿ. ಹಳೇ ನುಡಿ ತಂತ್ರಾಂಶದ ಕಡತದಿಂದ ಏನಾದರೂ ನಕಲು ಮಾಡುವುದಾದರೆ ಯುನಿಕೋಡಿಗೆ ಬದಲಿಸಿಯೇ ಹಾಕಿ, ಇಲ್ಲಾಂದ್ರೆ ಯಾರಿಗೂ ಸಿಗುವುದಿಲ್ಲ.

ಊರ ಹೆಸರಿನ ಜೊತೆ ಹೋಬಳಿ ಕಡ್ಡಾಯ ಮಾಡಿ. ಹೊಸಹಳ್ಳಿ ಅನ್ನುವ ಊರು ನಮ್ಮ ಕಡೆ ಎಷ್ಟಿಲ್ಲ! ನಿಮ್ಮ ಸೈಟಿನಲ್ಲೇ ಒಂದೇ ಆಲೆಮನೆ ಎರಡು ಹೆಸರಿನಲ್ಲಿ ಬಂದದ್ದನ್ನು ನೋಡಿದೆ. ಫೋನ್ ನಂಬರ್ ಒಂದೇ, ಊರಿನ ಕಾಗುಣಿತ ಬೇರೆ. ಹೊಸದು ಸೇರಿಸುವಾಗ 100 ಮೀಟರ್ ಒಳಗೆ ಬೇರೆ ಲಿಸ್ಟಿಂಗ್ ಇದೆಯಾ ಅಂತ ಕಂಪ್ಯೂಟರೇ ಕೇಳುವ ಹಾಗೆ ಮಾಡಿ. ಪುಟದ ಕೋಡಿನಲ್ಲಿ ಸ್ಕೀಮಾ ಗುರುತುಗಳನ್ನೂ ಹಾಕಿ. ಜಾಗ, ಫೋನ್, ತೆರೆಯುವ ಹೊತ್ತು ಸರ್ಚ್ ಎಂಜಿನ್‌ಗಳಿಗೆ ತಿಳಿಯುತ್ತದೆ.

ವೇಗದೂತ, ಬೆಂಗಳೂರು

ನಾನು ಮೊದಲು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. 11ರಲ್ಲಿ 4 ತಪ್ಪು ಅನ್ನುವುದನ್ನು ಓದಿದ ಮೇಲೆ ನನ್ನ ಹಳೇ ಡೈರೆಕ್ಟರಿಯಲ್ಲಿ 20 ನಂಬರಿಗೆ ಫೋನ್ ಮಾಡಿ ನೋಡಿದೆ. ಏಳು ಮಾತ್ರ ಸರಿ ಇದ್ದವು. ಉಳಿದದ್ದನ್ನು ತೆಗೆಯುತ್ತಿದ್ದೇನೆ.

ಆದರೆ ಖರ್ಚಿನ ಪ್ರಶ್ನೆ ಹಾಗೇ ಇದೆ. ಪೆಟ್ರೋಲ್, ಹೋಸ್ಟಿಂಗ್, ಭಾನುವಾರಗಳು. ಇದನ್ನು ಎಷ್ಟು ದಿನ ಕೈಯಿಂದ ಹಾಕುತ್ತೀರಿ?

ಹಳೇಮೌಸ್, ಮೈಸೂರು

ಮೊದಲ ವರ್ಷ ಆಲೆಮನೆಯವರ ಹತ್ತಿರ ಒಂದು ರೂಪಾಯಿಯೂ ಕೇಳಬೇಡಿ. ದುಡ್ಡು ಕೊಟ್ಟವರನ್ನು ಮೇಲೆ ತೋರಿಸುವ ಪದ್ಧತಿ ಬಂದ ದಿನ ಡೈರೆಕ್ಟರಿಯ ಮೇಲಿನ ನಂಬಿಕೆ ಹೋಗುತ್ತದೆ. ಬೇಕಾದರೆ ಪುಟದ ಬದಿಯಲ್ಲಿ ಊರಿನ ಅಂಗಡಿಯವರ ಜಾಹೀರಾತು ಹಾಕಿ, ಅದು ಜಾಹೀರಾತು ಅಂತ ಬರೆದು. ಆ ಕೊಂಡಿಗೆ ಪ್ರಾಯೋಜಿತ ಅನ್ನುವ ಗುರುತು ಹಾಕಿ. ಗೂಗಲ್ 2019ರಲ್ಲಿ ಅದಕ್ಕಾಗಿಯೇ ಬೇರೆ ಗುರುತು ಕೊಟ್ಟಿದೆ. "ನಮ್ಮ ಸೈಟಿಗೆ ಕೊಂಡಿ ಕೊಡಿ, ನಿಮ್ಮದಕ್ಕೆ ಕೊಡುತ್ತೇವೆ" ಅಂತ ಬರುವ ಇಮೇಲುಗಳಿಗೆ ಉತ್ತರವೇ ಬೇಡ.

ನಿಮ್ಮ ದೊಡ್ಡ ಖರ್ಚು ಪೆಟ್ರೋಲ್ ಅಲ್ಲ, ಎರಡು ತಿಂಗಳಿಗೊಮ್ಮೆ ಎಲ್ಲರಿಗೂ ಫೋನ್ ಮಾಡುವುದು. ಅದನ್ನು ಹಂಚಿಕೊಳ್ಳಿ. ಪ್ರತಿ ಹೋಬಳಿಗೆ ಆ ಊರಿನವರೇ ಒಬ್ಬರು ಇರಲಿ. ಹತ್ತು ಲಿಸ್ಟಿಂಗಿಗಿಂತ ಜಾಸ್ತಿ ಕೊಡಬೇಡಿ. ಡಿಮೋಜ್‌ನಲ್ಲಿ ನಮಗೆ ಆದ ತಪ್ಪು ಅದು. ಒಬ್ಬರ ತಲೆ ಮೇಲೆ ಹೊರಲಾರದಷ್ಟು ಹೊರಿಸಿದೆವು.

ಕೊಪ್ಪರಿಗೆ, ಪಾಂಡವಪುರ

ನಮ್ಮ ಹೋಬಳಿ ನನಗೆ ಕೊಡಿ. ಹೇಗೂ ಕಬ್ಬಿನ ಲೆಕ್ಕಕ್ಕೆ ವಾರಕ್ಕೊಮ್ಮೆ ಎಲ್ಲರ ಜೊತೆ ಮಾತಾಡುತ್ತೇನೆ.

ಬೆಲ್ಲದಕ್ಕ, ಮದ್ದೂರು

ಮದ್ದೂರು ಕಡೆ ಹತ್ತು ನಾವು ನೋಡಿಕೊಳ್ಳುತ್ತೇವೆ. ಬೆಲ್ಲ ತರಲು ಹೋದಾಗ ಕೇಳಿ ಬರುತ್ತೇವೆ. ಇನ್ನೆರಡು ಸಂಘದವರ ಮಾತನ್ನೂ ವಾಟ್ಸಾಪಿಗೆ ಕಳಿಸಿದ್ದೇನೆ, ಕೇಳಿ ನೋಡಿ.

ನಾಲೆದಂಡೆ, ಮಂಡ್ಯ

ಕೇಳಿದೆ ಅಕ್ಕಾ. ಮೂರು ಸಂಘ ಆಯಿತು, ಪುಡಿ ಬೆಲ್ಲದ ವಿಭಾಗ ಇವತ್ತು ತೆರೆದೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಅಚ್ಚು ಬೇಕು ಅನ್ನುವವರು ಈಗಲೇ ಹುಡುಕಲು ಶುರು ಮಾಡಿದ್ದಾರೆ. ಒಟ್ಟು 52 ಲಿಸ್ಟಿಂಗ್. ಕೆರಗೋಡು ಹೋಬಳಿಯಲ್ಲಿ ನನಗೆ ಗೊತ್ತಿದ್ದಂತೆ ನಡೆಯುತ್ತಿರುವ ಯಾವುದೂ ಬಿಟ್ಟಿಲ್ಲ. ಬಿಟ್ಟಿದ್ದರೆ ಯಾರಾದರೂ ಹೇಳಿ. ಮುಂದಿನ ಭಾನುವಾರ ಬಸರಾಳು ಕಡೆ ಹೋಗುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ಮಂಡ್ಯದಿಂದ ಹೊರಡುವುದು. ಬೈಕಿನ ಹಿಂದೆ ಒಬ್ಬರಿಗೆ ಜಾಗ ಇದೆ.

ನಕ್ಷೆಗಾರ, ಮೈಸೂರು

ನಾನು ಬರುತ್ತೇನೆ. ಮೊದಲ ರೈಲಿಗೆ ಹೊರಟು ಸ್ಟೇಷನ್ ಹತ್ತಿರ ಕಾಯುತ್ತೇನೆ. ಗುರುತು ಹಾಕಿದ 17 ಜಾಗ ನಿಮಗೆ ಕಳಿಸಿದ್ದೇನೆ.

ಸಂತೆಬೀದಿ, ಶ್ರೀರಂಗಪಟ್ಟಣ

ದುದ್ದ ಕಡೆಯ ತೋಪಿನ ಆಲೆಮನೆಗೆ ಇವತ್ತು ನಿಮ್ಮ ಪುಟ ನೋಡಿಕೊಂಡೇ ಹೋಗಿದ್ದೆ. ದಾರಿ ಸರಿಯಾಗಿತ್ತು. ಆದರೆ ಗಾಣದ ಬೆಲ್ಟು ಕಿತ್ತಿದೆ, ಗುರುವಾರದ ತನಕ ಆಲೆ ಇಲ್ಲವಂತೆ. ಬೇರೆಯವರು ಸುಮ್ನೆ ಹೋಗಿ ವಾಪಸ್ ಬರುವುದು ಬೇಡ, ಪುಟದಲ್ಲಿ ಬರೆದುಬಿಡಿ.

ನಾಲೆದಂಡೆ, ಮಂಡ್ಯ

ಅವರಿಗೆ ಫೋನ್ ಮಾಡಿ ಕೇಳಿದೆ. ಶುಕ್ರವಾರ ಬೆಳಿಗ್ಗೆ ಮತ್ತೆ ಒಲೆ ಹಚ್ಚುತ್ತಾರಂತೆ. ಹಾಗೇ ಬರೆದಿದ್ದೇನೆ.